25 ನಾಟ್: ವಿಕ್ರಾಂತ್ ಮತ್ತು ಅದರ ಸೋದರ ನೌಕೆಗಳ ಪ್ರಕರಣ

1971ರ ಜೂನ್ ಕೊನೆಯ ಹೊತ್ತಿಗೆ ಭಾರತೀಯ ನೌಕಾಪಡೆ ತನ್ನ ಏಕೈಕ ವಿಮಾನವಾಹಕ ನೌಕೆಯನ್ನು ಕಾರ್ಯಾಚರಣೆಗೆ ಯೋಗ್ಯ ಎಂದು ಒಪ್ಪಿಕೊಂಡಿತು. ಅದಕ್ಕೊಂದು ಷರತ್ತಿತ್ತು. ಐಎನ್‌ಎಸ್ ವಿಕ್ರಾಂತ್ 14 ನಾಟ್‌ಗಿಂತ, ಎಂದರೆ ಗಂಟೆಗೆ ಸುಮಾರು 26 ಕಿಲೋಮೀಟರಿಗಿಂತ ವೇಗವಾಗಿ ಓಡುವಂತಿಲ್ಲ. ನಾಲ್ಕು ಬಾಯ್ಲರುಗಳಲ್ಲಿ ಒಂದನ್ನು ಹೊತ್ತಿಸುವಂತೆಯೇ ಇರಲಿಲ್ಲ. ಉಳಿದ ಮೂರಕ್ಕೆ ಉಕ್ಕಿನ ಪಟ್ಟಿಗಳನ್ನು ಬಿಗಿದು, ಹಬೆ ಸೋರಿದರೆ ತಕ್ಷಣ ಕಾಣಲೆಂದು ವೀಕ್ಷಣಾ ಕಿಟಕಿಗಳನ್ನು ಕೂರಿಸಿದ್ದರು. ಐದು ತಿಂಗಳ ನಂತರ ಇದೇ ಹಡಗು ಬಂಗಾಳ ಕೊಲ್ಲಿಯಲ್ಲಿ ಯುದ್ಧಕ್ಕಿಳಿಯಿತು.

ಇದನ್ನು ಸಾಮಾನ್ಯವಾಗಿ ಸಿಬ್ಬಂದಿಯ ಧೈರ್ಯದ ಕಥೆಯಾಗಿ ಹೇಳುತ್ತೇವೆ. ಆ ಧೈರ್ಯದ ಬಗ್ಗೆ ನನಗೂ ಅಪಾರ ಗೌರವವಿದೆ. ಆದರೆ ಈ ಪ್ರಕರಣದ ಬೇರು 1971ರಲ್ಲಿಲ್ಲ. 1942ರಲ್ಲಿ ಬ್ರಿಟನ್ನಿನ ನಕ್ಷೆಗಾರರು ಒಂದು ಹಡಗಿಗೆ 25 ನಾಟ್ ವೇಗ ಸಾಕು ಎಂದು ತೀರ್ಮಾನಿಸಿದರು. ಆ ತೀರ್ಮಾನಕ್ಕೆ ಅಂದು ಒಳ್ಳೆಯ ಕಾರಣವಿತ್ತು. ಅದು 16 ಹಡಗುಗಳ, ಎಂಟು ದೇಶಗಳ ನೌಕಾಪಡೆಗಳ ಬೆನ್ನು ಹತ್ತಿ ಸುಮಾರು ಅರವತ್ತು ವರ್ಷ ನಡೆಯಿತು. ಆ ಹಡಗುಗಳ ಗೆಲುವು, ಸೋಲು, ಆಯಸ್ಸು ಮೂರನ್ನೂ ನಾನು ಆ ಒಂದು ಸಂಖ್ಯೆಯ ಮೂಲಕವೇ ನೋಡಲು ಬಯಸುತ್ತೇನೆ.

ಅವಸರದಲ್ಲಿ ಹುಟ್ಟಿದ ನಕ್ಷೆ

1941ರ ಡಿಸೆಂಬರ್ 10ರಂದು ಮಲಯಾದ ಪೂರ್ವ ಕರಾವಳಿಯಾಚೆ ಜಪಾನಿ ವಿಮಾನಗಳು ಬ್ರಿಟನ್ನಿನ ಪ್ರಿನ್ಸ್ ಆಫ್ ವೇಲ್ಸ್ ಮತ್ತು ರಿಪಲ್ಸ್ ಎಂಬ ಎರಡು ದೊಡ್ಡ ಯುದ್ಧನೌಕೆಗಳನ್ನು ಮುಳುಗಿಸಿದವು. ಅವುಗಳ ತಲೆಯ ಮೇಲೆ ಕಾವಲಿಗೆ ಒಂದೂ ಸ್ವಂತ ವಿಮಾನ ಇರಲಿಲ್ಲ. ಪ್ರತಿ ನೌಕಾದಳದ ಜೊತೆಗೂ ವಿಮಾನ ಬೇಕು ಎಂಬುದಕ್ಕೆ ಇನ್ನು ವಾದ ಬೇಕಿರಲಿಲ್ಲ. ಆದರೆ ವಿಮಾನವಾಹಕಗಳು ಎಲ್ಲಿಂದ ಬರಬೇಕು? ಆಗಷ್ಟೇ ಬ್ರಿಟನ್ ಕಟ್ಟಿ ಮುಗಿಸಿದ್ದ ಇಲಸ್ಟ್ರಿಯಸ್ ವರ್ಗದ ನೌಕೆಗಳು 23,000 ಟನ್ ತೂಕದವು. ಡೆಕ್ಕಿನ ಮೇಲೆ ಮೂರು ಇಂಚು ದಪ್ಪದ ಉಕ್ಕಿನ ಕವಚ, 30 ನಾಟ್ ವೇಗ, ಒಂದು ಲಕ್ಷ ಅಶ್ವಶಕ್ತಿ ಮೀರಿದ ಎಂಜಿನ್. ಒಂದೊಂದನ್ನು ಮುಗಿಸಲು ವರ್ಷಗಳೇ ಹಿಡಿಯುತ್ತಿದ್ದವು. ಅಂಥ ಕವಚ ಕೂರಿಸಬಲ್ಲ ಹಡಗುಕಟ್ಟೆಗಳೂ ಬೆರಳೆಣಿಕೆಯಷ್ಟು.

ಹಾಗಾಗಿ 1942ರ ಆರಂಭದಲ್ಲಿ ಬೇರೊಂದು ದಾರಿ ಹಿಡಿದರು. ವಿಕರ್ಸ್-ಆರ್ಮ್‌ಸ್ಟ್ರಾಂಗ್ಸ್ ಕಂಪನಿ ಯುದ್ಧನೌಕೆ ಮತ್ತು ವ್ಯಾಪಾರಿ ಹಡಗು ಎರಡರ ನಿರ್ಮಾಣವನ್ನೂ ಬಲ್ಲದ್ದು. ಅದರ ನೆರವಿನಿಂದ ಹಗುರ ವಿಮಾನವಾಹಕವೊಂದರ ನಕ್ಷೆ ತಯಾರಾಯಿತು. ಹಡಗಿನ ಒಡಲನ್ನು ವ್ಯಾಪಾರಿ ಹಡಗುಗಳಿಗೆ ಅನ್ವಯಿಸುವ ಲಾಯ್ಡ್ಸ್ ಮಾನದಂಡದಂತೆ ಕಟ್ಟಬೇಕು. ಯುದ್ಧನೌಕೆ ಕಟ್ಟಿ ಅನುಭವವಿಲ್ಲದ ಕಟ್ಟೆಗಳಿಗೂ ಅದು ಸಾಧ್ಯವಾಗಬೇಕು. ಡೆಕ್ಕಿಗೆ ಕವಚ ಬೇಡ. ದೊಡ್ಡ ಫಿರಂಗಿ ಬೇಡ, ವಿಮಾನನಾಶಕ ಸಣ್ಣ ಬಂದೂಕುಗಳು ಸಾಕು. ತೂಕ 13,200 ಟನ್, ಪೂರ್ತಿ ತುಂಬಿದಾಗ 18,000 ಟನ್. ಉದ್ದ ಸುಮಾರು 212 ಮೀಟರ್. ಈ ಹಡಗು ಮೂರು ವರ್ಷ ಬಾಳಿದರೆ ಅಥವಾ ಯುದ್ಧ ಮುಗಿಯುವ ತನಕ ನಿಂತರೆ ಸಾಕು ಎಂದೇ ಲೆಕ್ಕ ಹಾಕಿದ್ದರು.

ಎಂಜಿನ್ನಿನ ವಿಷಯಕ್ಕೆ ಬಂದಾಗ ಆ 25 ನಾಟ್ ಹುಟ್ಟಿತು. ಹಡಗಿನ ವೇಗ ಏರಿಸುತ್ತ ಹೋದಂತೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಅದರ ಘನದ ಲೆಕ್ಕದಲ್ಲಿ ಏರುತ್ತದೆ. 25ರಿಂದ 30ಕ್ಕೆ ಹೋಗಬೇಕೆಂದರೆ ವೇಗ ಐದನೇ ಒಂದು ಪಾಲು ಮಾತ್ರ ಹೆಚ್ಚುತ್ತದೆ, ಶಕ್ತಿ ಮಾತ್ರ ಒಂದೂಮುಕ್ಕಾಲು ಪಟ್ಟು ಬೇಕಾಗುತ್ತದೆ. ಆ ಕಾಲದ ಕ್ರೂಸರ್ ಹಡಗುಗಳಿಗೆ ತಯಾರಾಗುತ್ತಿದ್ದ ಮಾದರಿಯ ಯಂತ್ರಗಳೇ ಕೈಗೆ ಸಿಗುವಂತಿದ್ದವು. ನಾಲ್ಕು ಬಾಯ್ಲರು, ಎರಡು ಟರ್ಬೈನು, ಎರಡು ಪ್ರೊಪೆಲ್ಲರು, ಒಟ್ಟು 40,000 ಅಶ್ವಶಕ್ತಿ. ಅಷ್ಟಕ್ಕೆ ಸಿಗುವುದು 25 ನಾಟ್. ಯಂತ್ರಗಳನ್ನು ಕೂರಿಸಿದ ಕ್ರಮ ಮಾತ್ರ ಜಾಣತನದ್ದು. ಎರಡು ಬಾಯ್ಲರು ಮತ್ತು ಒಂದು ಟರ್ಬೈನ್ ಸೇರಿ ಒಂದು ಘಟಕ. ಬಲಬದಿಯ ಘಟಕ ಮುಂದೆ, ಎಡಬದಿಯದು ಹಿಂದೆ. ಒಂದೇ ಟಾರ್ಪಿಡೊ ಎರಡನ್ನೂ ಒಟ್ಟಿಗೆ ಕೆಡಿಸಲಾರದು.

ಈ ನಕ್ಷೆಯಲ್ಲಿ 16 ಹಡಗುಗಳಿಗೆ ಆದೇಶ ಹೋಯಿತು. ಮೊದಲ ಹತ್ತು ಕೊಲೊಸಸ್ ವರ್ಗ. ಕೊನೆಯ ಆರಕ್ಕೆ ಇನ್ನಷ್ಟು ಭಾರದ, 20,000 ಪೌಂಡ್ ತನಕದ ವಿಮಾನಗಳನ್ನು ತಾಳುವಂತೆ ಬಲ ತುಂಬಿ ಮೆಜೆಸ್ಟಿಕ್ ವರ್ಗ ಎಂದರು. ಕೊಲೊಸಸ್ 1942ರ ಜೂನ್‌ನಲ್ಲಿ ಶುರುವಾಗಿ 1944ರ ಡಿಸೆಂಬರ್‌ನಲ್ಲಿ ಸೇವೆಗೆ ಬಂತು. 1945ರಲ್ಲಿ ನಾಲ್ಕು ಹಡಗುಗಳು ಪೆಸಿಫಿಕ್ ತಲುಪುವಷ್ಟರಲ್ಲಿ ಯುದ್ಧ ಮುಗಿದಿತ್ತು. ಸೆಪ್ಟೆಂಬರ್ 6ರಂದು ರಬೌಲ್ ಬಳಿ ಗ್ಲೋರಿ ನೌಕೆಯ ಡೆಕ್ಕಿನ ಮೇಲೆ ಜಪಾನಿ ಸೇನೆ ಶರಣಾಗತಿಗೆ ಸಹಿ ಹಾಕಿತು. ಯಾವ ಯುದ್ಧಕ್ಕೆಂದು ಕಟ್ಟಿದ್ದರೋ ಆ ಯುದ್ಧದಲ್ಲಿ ಈ ವರ್ಗದ ಪಾಲು ಬಹುಮಟ್ಟಿಗೆ ಇಷ್ಟೇ. ಮೆಜೆಸ್ಟಿಕ್ ವರ್ಗದ ಆರೂ ಹಡಗುಗಳು ಆಗಿನ್ನೂ ಮುಗಿದಿರಲಿಲ್ಲ.

ಎದುರುಗಾಳಿ ಎಂಬ ಬಂಡವಾಳ

ವಿಮಾನವಾಹಕಕ್ಕೆ ವೇಗ ಶತ್ರುವನ್ನು ಅಟ್ಟಲು ಮಾತ್ರ ಬೇಕಾದದ್ದಲ್ಲ. ವಿಮಾನಕ್ಕೆ ನೆಲದ ಮೇಲಿನ ವೇಗ ಮುಖ್ಯವಲ್ಲ, ರೆಕ್ಕೆಯ ಮೇಲೆ ಹರಿಯುವ ಗಾಳಿಯ ವೇಗ ಮುಖ್ಯ. ಮಕ್ಕಳು ಗಾಳಿಪಟ ಎತ್ತುವಾಗ ಗಾಳಿಗೆ ಎದುರಾಗಿ ಓಡುವುದು ಇದೇ ಕಾರಣಕ್ಕೆ. ಒಂದು ವಿಮಾನ ಮೇಲೇರಲು 100 ನಾಟ್ ಗಾಳಿ ಬೇಕು ಎಂದು ಹಿಡಿಯೋಣ. ಸಮುದ್ರದ ಮೇಲೆ 15 ನಾಟ್ ಗಾಳಿ ಬೀಸುತ್ತಿದೆ; ಹಡಗು ಅದಕ್ಕೆ ಎದುರಾಗಿ 25 ನಾಟ್ ವೇಗದಲ್ಲಿ ಓಡುತ್ತದೆ. ಅಲ್ಲಿಗೆ 40 ನಾಟ್ ಪುಕ್ಕಟೆ ಸಿಕ್ಕಿತು. ಉಳಿದ 60 ನಾಟ್ ಅನ್ನು ಕ್ಯಾಟಪಲ್ಟ್, ಎಂದರೆ ವಿಮಾನವನ್ನು ಡೆಕ್ಕಿನಿಂದ ಮುಂದಕ್ಕೆ ಎಸೆಯುವ ಯಂತ್ರ, ಮತ್ತು ವಿಮಾನದ ಎಂಜಿನ್ ಒದಗಿಸಬೇಕು. ಹಡಗಿನ ವೇಗ 14ಕ್ಕಿಳಿದರೆ ಆ 60 ಎನ್ನುವುದು 71 ಆಗುತ್ತದೆ. 11 ನಾಟ್ ಸಣ್ಣ ವ್ಯತ್ಯಾಸ ಎನ್ನಿಸಬಹುದು. ಆದರೆ ವಿಮಾನವನ್ನು ಎಸೆಯಲು ಬೇಕಾಗುವ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುವುದರಿಂದ ಅದು ಶೇ 40ರಷ್ಟು ಹೆಚ್ಚು ಕೆಲಸ. ಅಷ್ಟು ತ್ರಾಣ ಕ್ಯಾಟಪಲ್ಟಿಗೆ ಇಲ್ಲದಿದ್ದರೆ ವಿಮಾನದಿಂದ ಬಾಂಬು ಇಳಿಸಬೇಕು, ಇಲ್ಲವೇ ಇಂಧನ ಇಳಿಸಬೇಕು.

ಇಳಿಯುವಾಗಲೂ ಇದೇ ಲೆಕ್ಕ. ಗಾಳಿ ಕಡಿಮೆಯಾದಷ್ಟೂ ವಿಮಾನ ಡೆಕ್ಕನ್ನು ಹೆಚ್ಚು ವೇಗದಲ್ಲಿ ಮುಟ್ಟುತ್ತದೆ, ತಡೆಯುವ ತಂತಿಗಳ ಮೇಲೆ ಅಷ್ಟೂ ಎಳೆತ ಬೀಳುತ್ತದೆ.

ಪ್ರೊಪೆಲ್ಲರ್ ವಿಮಾನಗಳ ಕಾಲದಲ್ಲಿ 25 ನಾಟ್ ನಿಜಕ್ಕೂ ಸಾಕಾಗುತ್ತಿತ್ತು. 1950ರಿಂದ 1953ರ ಕೊರಿಯಾ ಯುದ್ಧದಲ್ಲಿ ಟ್ರಯಂಫ್, ಥೀಸಿಯಸ್, ಗ್ಲೋರಿ, ಓಶನ್ ಮತ್ತು ಆಸ್ಟ್ರೇಲಿಯಾದ ಸಿಡ್ನಿ ಸರದಿಯ ಮೇಲೆ ದುಡಿದವು. ಸಿಡ್ನಿ 1951ರ ಅಕ್ಟೋಬರ್ 11ರ ಒಂದೇ ದಿನ 89 ಹಾರಾಟ ನಡೆಸಿತು. 1952ರ ಆಗಸ್ಟ್ 9ರಂದು ಓಶನ್‌ನಿಂದ ಹಾರಿದ ಸೀ ಫ್ಯೂರಿ ವಿಮಾನಗಳು ಮಿಗ್-15 ಜೆಟ್ ಒಂದನ್ನು ಹೊಡೆದುರುಳಿಸಿದವು. ಮೂರು ವರ್ಷದ ಬಾಳಿಕೆಗೆಂದು ಕಟ್ಟಿದ ಹಡಗುಗಳು ಕೊರಿಯಾದ ಚಳಿಗಾಲದಲ್ಲೂ ಕೆಲಸ ನಿಲ್ಲಿಸಲಿಲ್ಲ. ಬ್ರಿಟನ್ನಿನ ದೊಡ್ಡ ಕವಚಧಾರಿ ವಿಮಾನವಾಹಕಗಳಲ್ಲಿ ಒಂದೂ ಆ ಯುದ್ಧದಲ್ಲಿ ದಾಳಿಗೆ ಬರಲಿಲ್ಲ. ಅವನ್ನು ನಡೆಸುವ ಖರ್ಚು, ಬೇಕಾಗುವ ಜನ ಎರಡೂ ಹೆಚ್ಚು. ಅಗ್ಗದ ಹಡಗಿನ ನಿಜವಾದ ಬೆಲೆ ಗೊತ್ತಾದದ್ದು ಅಲ್ಲಿ.

ಜೆಟ್ ವಿಮಾನಗಳು ಬಂದಾಗ ಪರಿಸ್ಥಿತಿ ಬದಲಾಯಿತು. ಅವು ಭಾರ, ಇಳಿಯುವ ವೇಗವೂ ಹೆಚ್ಚು. ಇದಕ್ಕೆ ಪರಿಹಾರ ಹುಡುಕುವ ಪ್ರಯೋಗಗಳೂ ಇದೇ ವರ್ಗದ ಹಡಗುಗಳ ಮೇಲೆ ನಡೆದವು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. 1945ರ ಡಿಸೆಂಬರ್ 3ರಂದು ಓಶನ್ ಮೇಲೆ ಎರಿಕ್ ಬ್ರೌನ್ ಸೀ ವ್ಯಾಂಪೈರ್ ಇಳಿಸಿದರು. ಜೆಟ್ ಯುದ್ಧವಿಮಾನ ಹಡಗಿನ ಮೇಲೆ ಇಳಿದ ಇತಿಹಾಸ ಶುರುವಾಗುವುದು ಆ ದಿನದಿಂದ. ಹಬೆಯಿಂದ ನಡೆಯುವ ಕ್ಯಾಟಪಲ್ಟ್ ಕಾಲಿನ್ ಮಿಚೆಲ್ ಅವರ ಕಲ್ಪನೆ. ಅದನ್ನು ಪರ್ಸಿಯಸ್ ಮೇಲೆ ಕೂರಿಸಿ 1950ರ ದಶಕದ ಆರಂಭದಲ್ಲಿ ಪರೀಕ್ಷಿಸಿದರು. ಇಳಿಯುವ ಓಟದ ದಾರಿಯನ್ನು ಎಡಕ್ಕೆ ವಾರೆ ಮಾಡುವ ಓರೆ ಡೆಕ್ಕಿನ ಆಲೋಚನೆ ಡೆನಿಸ್ ಕ್ಯಾಂಬೆಲ್ ಅವರದು. 1952ರಲ್ಲಿ ಟ್ರಯಂಫ್ ಡೆಕ್ಕಿನ ಮೇಲೆ ಬಣ್ಣದಲ್ಲಿ ಗೆರೆ ಎಳೆದು ಅದನ್ನು ಪ್ರಯೋಗಿಸಿ ನೋಡಿದರು. ಇಂದು ಅಮೆರಿಕದ ಅಣುಶಕ್ತಿ ವಿಮಾನವಾಹಕಗಳ ಮೇಲೂ ಓರೆ ಡೆಕ್ ಇದೆ.

ಮುಗಿಯದೇ ಉಳಿದದ್ದು ವರವಾಯಿತು

ಶಾಂತಿ ಬಂದ ಮೇಲೆ ಬ್ರಿಟನ್ನಿಗೆ ಇಷ್ಟೊಂದು ಹಡಗು ಬೇಕಿರಲಿಲ್ಲ. ಹಣವೂ ಇರಲಿಲ್ಲ. ಕೊಲೊಸಸ್ ಫ್ರಾನ್ಸಿಗೆ ಹೋಗಿ ಅರೊಮಾನ್ಶ್ ಆಯಿತು. ವೆನರಬಲ್ ನೆದರ್ಲೆಂಡ್ಸ್‌ಗೆ ಹೋಗಿ ಕರೆಲ್ ಡೋರ್ಮನ್ ಆಯಿತು. ವೆಂಜನ್ಸ್ ಬ್ರೆಜಿಲ್‌ಗೆ, ವಾರಿಯರ್ ಅರ್ಜೆಂಟಿನಾಕ್ಕೆ ಹೋದವು. ಮೆಜೆಸ್ಟಿಕ್ ವರ್ಗದಲ್ಲಿ ಟೆರಿಬಲ್ ಮತ್ತು ಮೆಜೆಸ್ಟಿಕ್ ಆಸ್ಟ್ರೇಲಿಯಾದ ಪಾಲಾಗಿ ಸಿಡ್ನಿ, ಮೆಲ್ಬರ್ನ್ ಎಂಬ ಹೆಸರು ಪಡೆದವು. ಮ್ಯಾಗ್ನಿಫಿಸೆಂಟ್, ಪವರ್‌ಫುಲ್ ಎರಡೂ ಕೆನಡಾಕ್ಕೆ ಹೋದವು. ಪವರ್‌ಫುಲ್ ಅಲ್ಲಿ ಬೊನವೆಂಚರ್ ಎನ್ನಿಸಿಕೊಂಡಿತು. ಲೆವಯಥಾನ್ ಒಂದೇ ಎಂದೂ ಮುಗಿಯಲಿಲ್ಲ. ಅದನ್ನು 1968ರಲ್ಲಿ ಒಡೆದರು, ಅದರ ಬಾಯ್ಲರುಗಳನ್ನು ಕರೆಲ್ ಡೋರ್ಮನ್‌ಗೆ ಹಾಕಿದರು. ಸಮುದ್ರ ಕಾಣದ ಹಡಗಿನ ಬಾಯ್ಲರುಗಳು ಮುಂದೆ ಅರ್ಜೆಂಟಿನಾದ ಸೇವೆಗೂ ಹೋದವು.

ಹರ್ಕ್ಯುಲಿಸ್ ನಮ್ಮ ವಿಕ್ರಾಂತ್ ಆಯಿತು. ಟೈನ್ ನದಿಯ ಕಟ್ಟೆಯಲ್ಲಿ 1943ರ ಅಕ್ಟೋಬರ್ 14ರಂದು ಶುರುವಾಗಿ 1945ರ ಸೆಪ್ಟೆಂಬರ್ 22ರಂದು ನೀರಿಗಿಳಿದಿತ್ತು. 1946ರಲ್ಲಿ ಮುಕ್ಕಾಲು ಭಾಗ ಮುಗಿದಿದ್ದಾಗ ಕೆಲಸ ನಿಂತಿತು. ಹತ್ತು ವರ್ಷ ಹಾಗೆಯೇ ಬಿದ್ದಿತ್ತು. 1957ರ ಜನವರಿಯಲ್ಲಿ ಭಾರತ ಅದನ್ನು ಕೊಂಡಿತು. ಬೆಲ್‌ಫಾಸ್ಟ್‌ನ ಹಾರ್ಲೆಂಡ್ ಅಂಡ್ ವುಲ್ಫ್ ಕಟ್ಟೆಗೆ ಎಳೆದೊಯ್ದು ಮುಗಿಸುವ ಕೆಲಸ ಶುರುವಾಯಿತು.

ಹಳೆಯ ಮಾಲು ಕೊಂಡೆವು ಎಂಬ ಟೀಕೆ ಆಗಲೂ ಇತ್ತು, ಈಗಲೂ ಕೇಳುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. 1945ರಲ್ಲೇ ಮುಗಿದಿದ್ದರೆ ವಿಕ್ರಾಂತ್ ನೇರ ಡೆಕ್ಕಿನ, ಹೈಡ್ರಾಲಿಕ್ ಕ್ಯಾಟಪಲ್ಟಿನ ಹಡಗಾಗಿರುತ್ತಿತ್ತು. ಸಿಡ್ನಿಯ ಗತಿ ನೋಡಿ. ಅದು 1948ರಲ್ಲಿ ಹಳೆಯ ನಕ್ಷೆಯಂತೆಯೇ ಮುಗಿಯಿತು. ಕೊರಿಯಾದಲ್ಲಿ ಅಷ್ಟು ಚೆನ್ನಾಗಿ ಹೋರಾಡಿದ ಹಡಗು 1950ರ ದಶಕದ ಮಧ್ಯದಲ್ಲೇ ತರಬೇತಿ ನೌಕೆಯಾಗಿ, ಆಮೇಲೆ ವಿಯೆಟ್ನಾಂಗೆ ಸೈನಿಕರನ್ನು ಸಾಗಿಸುವ ಹಡಗಾಗಿ ಉಳಿಯಿತು. ಮೆಲ್ಬರ್ನ್, ಬೊನವೆಂಚರ್, ವಿಕ್ರಾಂತ್ ತಡವಾಗಿ ಮುಗಿದದ್ದರಿಂದ ಓರೆ ಡೆಕ್ ಮತ್ತು ಹಬೆ ಕ್ಯಾಟಪಲ್ಟ್ ಅವುಗಳಿಗೆ ಹುಟ್ಟಿನಲ್ಲೇ ಸಿಕ್ಕವು. ಎಂಜಿನ್ ಮಾತ್ರ 1942ರದ್ದೇ. ಕ್ಯಾಟಪಲ್ಟ್ ನಡೆಯುವುದೂ ಅದೇ ಬಾಯ್ಲರುಗಳ ಹಬೆಯಿಂದ ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು. ಮೊದಲು ಹಡಗನ್ನು ಓಡಿಸುವುದಷ್ಟೇ ಬಾಯ್ಲರುಗಳ ಮುಖ್ಯ ಹೊಣೆಯಾಗಿತ್ತು. ಈಗ ವಿಮಾನಗಳನ್ನು ಎಸೆಯುವ ಹೊಣೆಯೂ ಅವುಗಳ ಮೇಲೆಯೇ ಬಿತ್ತು.

1961ರ ಮಾರ್ಚ್ 4ರಂದು ಬೆಲ್‌ಫಾಸ್ಟ್‌ನಲ್ಲಿ ಆಗಿನ ಹೈಕಮಿಷನರ್ ವಿಜಯಲಕ್ಷ್ಮಿ ಪಂಡಿತ್ ಅವರ ಸಮ್ಮುಖದಲ್ಲಿ ವಿಕ್ರಾಂತ್ ಸೇವೆಗೆ ಸೇರಿತು. ಮೊದಲ ಕಮಾಂಡಿಂಗ್ ಅಧಿಕಾರಿ ಕ್ಯಾಪ್ಟನ್ ಪ್ರೀತಮ್ ಸಿಂಗ್ ಮಹಿಂದ್ರು. ಮೇ 18ರಂದು ಡೆಕ್ಕಿನ ಮೇಲೆ ಮೊದಲ ಜೆಟ್ ಇಳಿಸಿದ ಲೆಫ್ಟಿನೆಂಟ್ ರಾಧಾಕೃಷ್ಣ ತಹಿಲಿಯಾನಿ ಮುಂದೆ ನೌಕಾಪಡೆಯ ಮುಖ್ಯಸ್ಥರೇ ಆದರು. ನವೆಂಬರ್ 3ರಂದು ಹಡಗು ಬೊಂಬಾಯಿ ತಲುಪಿದಾಗ ಪ್ರಧಾನಿ ನೆಹರೂ ಸ್ವಾಗತಿಸಿದರು. ಸೀ ಹಾಕ್ ಜೆಟ್‌ಗಳು ದಾಳಿಗೆ, ಫ್ರಾನ್ಸಿನ ಅಲಿಜೆ ಪ್ರೊಪೆಲ್ಲರ್ ವಿಮಾನಗಳು ಜಲಾಂತರ್ಗಾಮಿ ಬೇಟೆಗೆ. ಸೀ ಹಾಕ್ ಹಗುರ ವಿಮಾನ, ಪೂರ್ತಿ ಭಾರ ಹೊತ್ತರೂ ಸುಮಾರು 7,300 ಕಿಲೋ. ಈ ಆಯ್ಕೆ ಮುಂದೆ ಹಡಗನ್ನು ಉಳಿಸಿತು.

ಮೆಲ್ಬರ್ನ್‌ನ ಎರಡು ರಾತ್ರಿಗಳು

ಸೋದರ ನೌಕೆಗಳಲ್ಲಿ ಅತಿ ದುಃಖದ ಇತಿಹಾಸ ಮೆಲ್ಬರ್ನ್‌ನದು. ವಿಮಾನ ಹಾರಿಸುವಾಗ ವಿಮಾನವಾಹಕ ಗಾಳಿಯನ್ನು ಹುಡುಕಿಕೊಂಡು ತಿರುಗುತ್ತದೆ; ನೀರಿಗೆ ಬಿದ್ದವರನ್ನು ಎತ್ತಲು ಡೆಸ್ಟ್ರಾಯರ್ ಎಂಬ ಚುರುಕಿನ ಸಣ್ಣ ಯುದ್ಧನೌಕೆಯೊಂದು ಅದರ ಹಿಂಬದಿಯಲ್ಲಿ ಸ್ಥಾನ ಹಿಡಿಯಬೇಕು. 1964ರ ಫೆಬ್ರುವರಿ 10ರ ರಾತ್ರಿ ಜರ್ವಿಸ್ ಕೊಲ್ಲಿಯಾಚೆ ಆ ಸ್ಥಾನಕ್ಕೆ ಬರಬೇಕಿದ್ದ ವಾಯೇಜರ್ ಮೆಲ್ಬರ್ನ್‌ನ ಮೂತಿಗೇ ಅಡ್ಡಬಂದು ಎರಡು ತುಂಡಾಯಿತು. 82 ಮಂದಿ ಸತ್ತರು. 1969ರ ಜೂನ್ 3ರ ಬೆಳಗಿನ ಜಾವ ದಕ್ಷಿಣ ಚೀನಾ ಸಮುದ್ರದಲ್ಲಿ ಅಮೆರಿಕದ ಫ್ರಾಂಕ್ ಇ. ಇವಾನ್ಸ್ ಹಾಗೆಯೇ ಅಡ್ಡಬಂತು. 74 ಮಂದಿ ಸತ್ತರು. ಎರಡರಲ್ಲೂ ಅಡ್ಡಬಂದದ್ದು ಡೆಸ್ಟ್ರಾಯರುಗಳೇ. ಆದರೂ ಮೊದಲನೆಯ ಅಪಘಾತದ ನಂತರ ಕ್ಯಾಪ್ಟನ್ ರಾಬರ್ಟ್‌ಸನ್ ನೌಕಾಪಡೆ ಬಿಟ್ಟರು. ಎರಡನೆಯದರಲ್ಲಿ ಕ್ಯಾಪ್ಟನ್ ಸ್ಟೀವನ್‌ಸನ್ ಕೋರ್ಟ್ ಮಾರ್ಷಲ್‌ನಲ್ಲಿ ನಿರ್ದೋಷಿ ಎನ್ನಿಸಿಕೊಂಡು ರಾಜೀನಾಮೆ ಕೊಟ್ಟರು. ಈ ಅಪಘಾತಗಳನ್ನು ಹಡಗಿನ ನಕ್ಷೆಯ ಮೇಲೆ ಹೊರಿಸುವುದು ಅನ್ಯಾಯ. ಗಾಳಿಗಾಗಿ ಮತ್ತೆ ಮತ್ತೆ ದಿಕ್ಕು ಬದಲಿಸುವ ಕೆಲಸವೇ ಎಷ್ಟು ಅಪಾಯದ್ದು ಎಂಬುದಕ್ಕಾಗಿ ಇದನ್ನು ಇಲ್ಲಿ ಹೇಳಿದೆ.

1971: ಹದಿನಾಲ್ಕು ನಾಟ್‌ನಲ್ಲಿ ಯುದ್ಧ

1970ರ ಜೂನ್‌ನಲ್ಲಿ ಬೊಂಬಾಯಿಯ ನೌಕಾ ಕಟ್ಟೆಯಲ್ಲಿ ವಿಕ್ರಾಂತ್‌ನ ಬಾಯ್ಲರುಗಳ ನೀರಿನ ಡ್ರಮ್‌ಗಳೊಳಗೆ ಸೂಕ್ಷ್ಮ ಬಿರುಕುಗಳು ಕಂಡವು. ಬೆಸುಗೆಯಿಂದ ಸರಿಯಾಗುವಂಥವಲ್ಲ. ಬದಲಿ ಡ್ರಮ್ ಭಾರತದಲ್ಲಿ ಸಿಗುವಂತಿರಲಿಲ್ಲ, ಬ್ರಿಟನ್ನಿನಿಂದ ಬರಬೇಕು. ಬಾಯ್ಲರ್ ಹೊತ್ತಿಸಕೂಡದು ಎಂದು ನೌಕಾ ಕೇಂದ್ರ ಕಚೇರಿ ಆದೇಶಿಸಿತು. ಹಡಗು ತಿಂಗಳುಗಟ್ಟಲೆ ತಣ್ಣಗೆ ನಿಂತಿತ್ತು.

1971ರ ಮಾರ್ಚ್‌ನಲ್ಲಿ ಪೂರ್ವ ಪಾಕಿಸ್ತಾನದ ಸ್ಥಿತಿ ಬಿಗಡಾಯಿಸಿದಾಗ ಪ್ರಶ್ನೆ ಎದ್ದಿತು. 1965ರ ಯುದ್ಧದಲ್ಲಿ ವಿಕ್ರಾಂತ್ ರಿಪೇರಿಯಲ್ಲಿತ್ತು, ಸಮುದ್ರಕ್ಕೆ ಹೋಗಲೇ ಇಲ್ಲ. ಈ ಸಲವೂ ಬಂದರಿನಲ್ಲೇ ಉಳಿದರೆ ಅದು ಬಿಳಿಯಾನೆ ಎನ್ನಿಸಿಕೊಳ್ಳುತ್ತದೆ, ನೌಕಾ ವಾಯುಬಲದ ಕಥೆಯೇ ಮುಗಿಯುತ್ತದೆ ಎಂಬ ವಾದವನ್ನು ಕ್ಯಾಪ್ಟನ್ ಗುಲಾಬ್ ಹೀರಾನಂದಾನಿ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಎಸ್. ಎಂ. ನಂದಾ ಅವರ ಮುಂದಿಟ್ಟರು. ನಂದಾ ಒಪ್ಪಿದರು. ಹಬೆಯ ಒತ್ತಡವನ್ನು ಚದರ ಇಂಚಿಗೆ 400 ಪೌಂಡಿಗೆ ಮಿತಿಗೊಳಿಸಿದರು. ಪ್ರೊಪೆಲ್ಲರ್ ನಿಮಿಷಕ್ಕೆ 120 ಸುತ್ತು ಮೀರಬಾರದು. ಆಗ ಉಳಿದದ್ದೇ ಆ 14 ನಾಟ್.

ಹಡಗಿನ ಒಳಗೆ ಇದು ಏನರ್ಥ ಕೊಡುತ್ತದೆ ಎಂದು ಯೋಚಿಸಿ. ಬಾಯ್ಲರ್ ಕೋಣೆಯಲ್ಲಿ ಕೆಲಸ ಮಾಡುವವರಿಗೆ ತಮ್ಮ ಪಕ್ಕದ ಡ್ರಮ್ಮಿನಲ್ಲಿ ಬಿರುಕಿದೆ ಎಂದು ಗೊತ್ತು. ಆ ಉಕ್ಕಿನ ಪಟ್ಟಿಗಳು ಯಾಕಿವೆ ಎಂಬುದೂ ಗೊತ್ತು. ಪೈಲಟುಗಳ ಹೆಸರು ನಮಗೆ ನೆನಪಿದೆ. ಕೆಳಗೆ ಬೆಂಕಿಯ ಮುಂದೆ ನಿಂತವರನ್ನೂ ಅಷ್ಟೇ ಗೌರವದಿಂದ ನೆನೆಯಬೇಕು.

ಮುಂದಿನ ತೀರ್ಮಾನ ಈ ಪ್ರಕರಣದ ತಿರುಳು: ವಿಕ್ರಾಂತ್ ಅನ್ನು ಎಲ್ಲಿ ಬಳಸಬೇಕು? ಅರಬ್ಬಿ ಸಮುದ್ರದಲ್ಲಿ ಪಾಕಿಸ್ತಾನದ ಮೂರು ಹೊಸ ಡ್ಯಾಫ್ನೆ ಜಲಾಂತರ್ಗಾಮಿಗಳಿದ್ದವು, ಕರಾಚಿಯ ವಾಯುಪಡೆಯಿತ್ತು. 14 ನಾಟ್‌ನಲ್ಲಿ ತೆವಳುವ ಹಡಗು ಅಲ್ಲಿ ಸುಲಭದ ಗುರಿ. ಆ ಭಯ ಪೊಳ್ಳಲ್ಲ ಎಂಬುದು ಡಿಸೆಂಬರ್ 9ರಂದು ಗೊತ್ತಾಯಿತು: ದಿಯು ಬಳಿ ಹಂಗೋರ್ ಎಂಬ ಡ್ಯಾಫ್ನೆ ಜಲಾಂತರ್ಗಾಮಿ ನಮ್ಮ ಯುದ್ಧನೌಕೆ ಖುಕ್ರಿಯನ್ನು ಮುಳುಗಿಸಿತು. ಪೂರ್ವದಲ್ಲಿ ಚಿತ್ರ ಬೇರೆ. ಪಾಕಿಸ್ತಾನಕ್ಕೆ ಅಲ್ಲಿದ್ದದ್ದು ಢಾಕಾದಲ್ಲಿ ಸೇಬರ್ ವಿಮಾನಗಳ ಒಂದು ಸ್ಕ್ವಾಡ್ರನ್ ಮಾತ್ರ. ಅಷ್ಟು ದೂರ ಬರಬಲ್ಲ ಜಲಾಂತರ್ಗಾಮಿಯೂ ಒಂದೇ, ಅಮೆರಿಕದಿಂದ ಪಡೆದ ಹಳೆಯ ಘಾಜಿ. ವಿಕ್ರಾಂತ್ ಅನ್ನು ಪೂರ್ವಕ್ಕೆ ಕಳಿಸಿದರು. ಹಡಗಿನ ದೌರ್ಬಲ್ಯವನ್ನು ಮುಚ್ಚಿಡದೆ, ಆ ದೌರ್ಬಲ್ಯ ಲೆಕ್ಕಕ್ಕೆ ಬಾರದ ಜಾಗವನ್ನು ಹುಡುಕಿದ ಈ ನಿರ್ಧಾರ ನನ್ನ ಪ್ರಕಾರ ಆ ಯುದ್ಧದ ಅತ್ಯಂತ ವಿವೇಕದ ನಿರ್ಧಾರಗಳಲ್ಲೊಂದು.

ಘಾಜಿ ನವೆಂಬರ್ 14ರಂದು ಕರಾಚಿಯಿಂದ ಹೊರಟಿತು, ವಿಕ್ರಾಂತ್‌ನ ಬೇಟೆಗಾಗಿಯೇ. ಪೂರ್ವ ಕಮಾಂಡಿನ ಮುಖ್ಯಸ್ಥ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ವಿಕ್ರಾಂತ್ ಅನ್ನು ಅಂಡಮಾನ್ ದ್ವೀಪಗಳ ಮರೆಗೆ ಕಳಿಸಿ, ಹಳೆಯ ಡೆಸ್ಟ್ರಾಯರ್ ರಜಪೂತ್‌ನಿಂದ ವಿಕ್ರಾಂತ್ ಎಂಬಂತೆ ರೇಡಿಯೊ ಸಂದೇಶ ಬಿಡಿಸಿದರು. ಘಾಜಿ ವಿಶಾಖಪಟ್ಟಣದ ಹೊರಗೆ ಕಾಯಿತು; ಡಿಸೆಂಬರ್ 3 ಮತ್ತು 4ರ ನಡುವಿನ ರಾತ್ರಿ ಅಲ್ಲಿಯೇ ಮುಳುಗಿತು. ರಜಪೂತ್ ಎಸೆದ, ನೀರಿನಾಳದಲ್ಲಿ ಸಿಡಿಯುವ ಡೆಪ್ತ್ ಚಾರ್ಜ್ ಬಾಂಬು ಕಾರಣ ಎಂದು ಭಾರತ, ಘಾಜಿಯದೇ ಸಮುದ್ರ ಮೈನ್ ಸಿಡಿದದ್ದು ಎಂದು ಪಾಕಿಸ್ತಾನ ಹೇಳುತ್ತವೆ.

ಡಿಸೆಂಬರ್ 4ರ ಬೆಳಿಗ್ಗೆ ಸೀ ಹಾಕ್‌ಗಳು ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದವು, ಮಧ್ಯಾಹ್ನದ ಮೇಲೆ ಚಿತ್ತಗಾಂಗ್ ಮೇಲೆ. ನಂತರದ ದಿನಗಳಲ್ಲಿ ಖುಲ್ನಾ, ಮೊಂಗ್ಲಾ ಬಂದರುಗಳ ಸರದಿ. ರಾತ್ರಿ ಅಲಿಜೆಗಳು ಹೊರಟವು. ಆ ತಿಂಗಳಲ್ಲಿ ಬಂಗಾಳ ಕೊಲ್ಲಿಯ ಉತ್ತರದಲ್ಲಿ ಗಾಳಿ ಸಾಮಾನ್ಯವಾಗಿ ಮಂದ. ಹಡಗು ಕೊಡುವುದೂ ಕಡಿಮೆ, ಪ್ರಕೃತಿ ಕೊಡುವುದೂ ಕಡಿಮೆ. ಆದರೂ ಹಾರಾಟ ನಡೆಯಿತು. ಸೀ ಹಾಕ್ ಹಗುರವಾಗಿತ್ತು; ಗುರಿಗಳು ಹತ್ತಿರವಿದ್ದವು, ಹೆಚ್ಚು ಇಂಧನ ಹೊರಬೇಕಿರಲಿಲ್ಲ; ವಾಯುಪಡೆ ಮೊದಲ ಮೂರು ದಿನಗಳಲ್ಲೇ ಢಾಕಾದ ರನ್‌ವೇ ಕೆಡಿಸಿ ಸೇಬರ್‌ಗಳನ್ನು ನೆಲಕ್ಕೆ ಕಟ್ಟಿಹಾಕಿತ್ತು. ಹಡಗು ಗಾಳಿಗೆ ಎದುರಾಗಿ ಬಹಳ ಹೊತ್ತು ನೇರ ಓಡಿದರೂ ತಲೆಯ ಮೇಲೆ ಶತ್ರುವಿಮಾನ ಬರುವ ಭಯವಿರಲಿಲ್ಲ. ಕ್ಯಾಪ್ಟನ್ ಸ್ವರಾಜ್ ಪ್ರಕಾಶ್ ಅವರಿಗೂ ಸೀ ಹಾಕ್ ದಳದ ಲೆಫ್ಟಿನೆಂಟ್ ಕಮಾಂಡರ್ ಸಂತೋಷ್ ಕುಮಾರ್ ಗುಪ್ತಾ ಅವರಿಗೂ ಮಹಾವೀರ ಚಕ್ರ ಬಂತು. ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿ ಆಗುವ ಹೊತ್ತಿಗೆ ಸಮುದ್ರದ ಕಡೆಯ ದಾರಿ ಪೂರ್ತಿ ಮುಚ್ಚಿತ್ತು.

1982: ಗಾಳಿ ಬೀಸದ ಬೆಳಗು

ಇದೇ ಲೆಕ್ಕ ಇನ್ನೊಂದು ಕಡೆ ತಿರುಗಿಬಿದ್ದ ಪ್ರಸಂಗವನ್ನು ಪಕ್ಕದಲ್ಲಿಟ್ಟು ನೋಡಬೇಕು. 1968ರಲ್ಲಿ ಬೆಂಕಿ ಬಿದ್ದ ಕರೆಲ್ ಡೋರ್ಮನ್ ಅನ್ನು ಅರ್ಜೆಂಟಿನಾ ಕೊಂಡು ವೆಯಿಂತಿಸಿಂಕೊ ದೆ ಮಾಯೊ ಎಂದು ಹೆಸರಿಟ್ಟಿತ್ತು. 1982ರಲ್ಲಿ ಫಾಕ್‌ಲ್ಯಾಂಡ್ಸ್ ದ್ವೀಪಗಳಿಗಾಗಿ ಅರ್ಜೆಂಟಿನಾ ಮತ್ತು ಬ್ರಿಟನ್ ಯುದ್ಧಕ್ಕಿಳಿದವು. ಮೇ 1ರ ರಾತ್ರಿ ಆ ದ್ವೀಪಗಳ ಉತ್ತರಕ್ಕೆ ಅದರ ಟ್ರ್ಯಾಕರ್ ವಿಮಾನಗಳು ಬ್ರಿಟಿಷ್ ನೌಕಾದಳವನ್ನು ಪತ್ತೆಹಚ್ಚಿದವು. ಬೆಳಕು ಹರಿಯುತ್ತಲೇ ಸ್ಕೈಹಾಕ್ ಜೆಟ್‌ಗಳನ್ನು ಬಾಂಬುಗಳೊಂದಿಗೆ ಹಾರಿಸುವ ಯೋಜನೆ ಸಿದ್ಧವಾಯಿತು. ದಕ್ಷಿಣ ಅಟ್ಲಾಂಟಿಕ್ ಸದಾ ಬಿರುಗಾಳಿಯ ಸಮುದ್ರ. ಅಂದು ಗಾಳಿ ನಿಂತುಬಿಟ್ಟಿತು.

ಪೂರ್ತಿ ಭಾರದ ಸ್ಕೈಹಾಕ್ 10,000 ಕಿಲೋ ಆಸುಪಾಸಿನದು. ಹಳೆಯ ಎಂಜಿನ್ನು ಕೊಡುವ ವೇಗ, ಸಣ್ಣ ಕ್ಯಾಟಪಲ್ಟಿನ ತಳ್ಳು ಎರಡೂ ಸೇರಿದರೂ ಬಾಂಬು ಮತ್ತು ಇಂಧನ ಎರಡನ್ನೂ ಹೊತ್ತು ಏರುವಷ್ಟು ಗಾಳಿ ಆಗಲಿಲ್ಲ. ದಾಳಿ ರದ್ದಾಯಿತು. ಅದೇ ದಿನ, ಮೇ 2ರ ಸಂಜೆ, ಬ್ರಿಟಿಷ್ ಜಲಾಂತರ್ಗಾಮಿ ಕಾಂಕರರ್ ಅರ್ಜೆಂಟಿನಾದ ಬೆಲ್ಗ್ರಾನೊ ಕ್ರೂಸರನ್ನು ಮುಳುಗಿಸಿತು, 323 ಮಂದಿ ಸತ್ತರು. ವಿಮಾನವಾಹಕ ಬಂದರಿಗೆ ಮರಳಿತು, ಮತ್ತೆ ಆ ಯುದ್ಧಕ್ಕೆ ಬರಲಿಲ್ಲ. ಅದರ ಸ್ಕೈಹಾಕ್‌ಗಳು ನೆಲದ ನೆಲೆಯಿಂದ ಹಾರಿದವು. ಮೇ 21ರಂದು ಬ್ರಿಟನ್ನಿನ ಆರ್ಡೆಂಟ್ ನೌಕೆಯ ಮೇಲೆ ಮಾರಕ ಬಾಂಬುಗಳನ್ನು ಹಾಕಿದವುಗಳಲ್ಲಿ ಅವೂ ಇದ್ದವು. ಆ ಪೈಲಟುಗಳಿಗೆ ಸಾಮರ್ಥ್ಯದ ಕೊರತೆ ಇರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

1971ರ ವಿಕ್ರಾಂತ್‌ಗಿಂತ 1982ರ ವೆಯಿಂತಿಸಿಂಕೊ ದೆ ಮಾಯೊ ವೇಗವಾಗಿಯೇ ಓಡಬಲ್ಲದಾಗಿತ್ತು. ಆದರೂ ನಿಧಾನದ ಹಡಗು ಕೆಲಸ ಮುಗಿಸಿತು, ವೇಗದ್ದು ಬರಿಗೈಯಲ್ಲಿ ಮರಳಿತು. ಮೂಲ ವ್ಯತ್ಯಾಸ ವಿಮಾನದ ತೂಕದಲ್ಲಿ, ಗುರಿಯ ದೂರದಲ್ಲಿ, ಎದುರಾಳಿಯ ಬಲದಲ್ಲಿ ಇದೆ. ಅರ್ಜೆಂಟಿನಾದ ಯೋಜನೆ ನಿಸರ್ಗದ ಗಾಳಿಯನ್ನು ನಂಬಿತ್ತು. ಭಾರತದ್ದು ಗಾಳಿ ಇಲ್ಲದಿದ್ದರೂ ನಡೆಯುವಂಥ ಜಾಗವನ್ನು ಆರಿಸಿಕೊಂಡಿತ್ತು.

ಹಬೆಯಿಂದ ಬಿಡುಗಡೆ

ಎದುರಾಳಿ ಬ್ರಿಟಿಷ್ ದಳದ ಮುಖ್ಯ ನೌಕೆ ಹರ್ಮಿಸ್ ಈ ವಂಶದ ಮುಂದಿನ ದೊಡ್ಡ ತಲೆಮಾರಿನದು. 1987ರಲ್ಲಿ ಅದೇ ನಮ್ಮ ವಿರಾಟ್ ಆಯಿತು. ಅದರ ಮೇಲಿದ್ದ ಸೀ ಹ್ಯಾರಿಯರ್‌ಗೆ ಕ್ಯಾಟಪಲ್ಟ್ ಬೇಡ. ಮೂತಿ ಮೇಲೆತ್ತಿದ ಸ್ಕೀ ಜಂಪ್ ಸಾಕು. ವಿಕ್ರಾಂತ್‌ಗೆ 1979ರಲ್ಲಿ ಶುರುವಾದ ದೊಡ್ಡ ರಿಪೇರಿಯಲ್ಲಿ ಹೊಸ ಬಾಯ್ಲರುಗಳು ಬಂದವು. 1980ರ ದಶಕದ ಕೊನೆಯಲ್ಲಿ ಹಬೆ ಕ್ಯಾಟಪಲ್ಟ್ ತೆಗೆದು 9.75 ಡಿಗ್ರಿಯ ಸ್ಕೀ ಜಂಪ್ ಕೂರಿಸಿದರು. ಗಾಳಿಯ ಹಂಗು ಪೂರ್ತಿ ತಪ್ಪಲಿಲ್ಲ, ಬಹಳ ಸಡಿಲವಾಯಿತು. ಅಷ್ಟರಲ್ಲಿ ಒಡಲಿಗೆ ವಯಸ್ಸಾಗಿತ್ತು. 1997ರ ಜನವರಿ 31ರಂದು ಸೇವೆಯಿಂದ ಬಿಡುಗಡೆ. ಮುಂಬಯಿಯಲ್ಲಿ ಕೆಲವು ವರ್ಷ ವಸ್ತುಸಂಗ್ರಹಾಲಯವಾಗಿತ್ತು. ಉಳಿಸಿಕೊಳ್ಳಲು ಹಣ ಒದಗಲಿಲ್ಲ. 2014ರಲ್ಲಿ 60 ಕೋಟಿ ರೂಪಾಯಿಗೆ ಗುಜರಿಗೆ ಹೋಯಿತು. ಇದು ಇಂದಿಗೂ ನೋವು ಕೊಡುವ ಸಂಗತಿ.

ಮೆಲ್ಬರ್ನ್ 1985ರಲ್ಲಿ ಗುಜರಿಯಾಗಿ ಚೀನಾಕ್ಕೆ ಹೋಯಿತು. ಒಡೆಯುವ ಮೊದಲು ಚೀನೀ ನೌಕಾ ಎಂಜಿನಿಯರುಗಳು ಅದರ ಡೆಕ್ಕನ್ನೂ ಕ್ಯಾಟಪಲ್ಟನ್ನೂ ಅಧ್ಯಯನ ಮಾಡಿದರು. ವೆಯಿಂತಿಸಿಂಕೊ ದೆ ಮಾಯೊ, ಬ್ರೆಜಿಲ್‌ನ ಮಿನಾಸ್ ಜೆರೈಸ್ ಎರಡೂ ಗುಜರಾತಿನ ಅಲಂಗ್ ತೀರದಲ್ಲಿ ಕೊನೆಗೊಂಡವು. ಮಿನಾಸ್ ಜೆರೈಸ್ 2001ರ ತನಕ ಸೇವೆಯಲ್ಲಿತ್ತು. ವೆಂಜನ್ಸ್ ಎಂಬ ಹೆಸರಿನಲ್ಲಿ ಅದು ಸೇವೆಗೆ ಬಂದದ್ದು 1945ರಲ್ಲಿ.

ಭಾರತದಲ್ಲಿ ಈ ಲೆಕ್ಕ ಈಗ ಕಾರವಾರಕ್ಕೆ ಬಂದು ನಿಂತಿದೆ. ಅಲ್ಲಿನ ಐಎನ್‌ಎಸ್ ಕದಂಬ ನೆಲೆಗೆ ರಷ್ಯಾದಿಂದ ಕೊಂಡ ವಿಮಾನವಾಹಕ ವಿಕ್ರಮಾದಿತ್ಯ 2014ರ ಜನವರಿಯಲ್ಲಿ ಬಂತು. ಅದಕ್ಕೂ ಮೊದಲು, 2012ರ ರಷ್ಯಾದ ಪರೀಕ್ಷಾ ಓಟದಲ್ಲಿ, ಗರಿಷ್ಠ ವೇಗಕ್ಕೆ ಒಯ್ದಾಗ ಅದರ ಎಂಟು ಬಾಯ್ಲರುಗಳಲ್ಲಿ ಏಳು ಕೆಟ್ಟಿದ್ದವು. ಹಸ್ತಾಂತರ ಒಂದು ವರ್ಷ ತಡವಾಯಿತು. ಕೊಚ್ಚಿಯಲ್ಲಿ ಕಟ್ಟಿದ ಹೊಸ ವಿಕ್ರಾಂತ್ 2022ರ ಸೆಪ್ಟೆಂಬರ್ 2ರಂದು ಸೇವೆಗೆ ಬಂತು. ಗ್ಯಾಸ್ ಟರ್ಬೈನ್‌ಗಳಿಂದ ಓಡುತ್ತದೆ. ಎರಡರ ಮೇಲೂ ಸ್ಕೀ ಜಂಪ್ ಇದೆ, ಕ್ಯಾಟಪಲ್ಟ್ ಇಲ್ಲ. ಹಾಗಾಗಿ ಏರುವ ಭಾರವನ್ನು ತೀರ್ಮಾನಿಸುವುದು ವಿಮಾನದ ಎಂಜಿನ್ನಿನ ತಳ್ಳು ಮತ್ತು ಡೆಕ್ಕಿನ ಮೇಲಿನ ಗಾಳಿ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್‌ನ ನೌಕಾ ಮಾದರಿ 2020ರ ಜನವರಿಯಲ್ಲಿ ವಿಕ್ರಮಾದಿತ್ಯದ ಮೇಲೆ ಇಳಿದು, ಮರುದಿನ ಸ್ಕೀ ಜಂಪ್‌ನಿಂದ ಏರಿತು. ಆದರೆ ಒಂದೇ ಎಂಜಿನ್ನಿನ ಆ ವಿಮಾನ ಸಾಕಷ್ಟು ಶಸ್ತ್ರ ಮತ್ತು ಇಂಧನ ಹೊತ್ತು ಡೆಕ್ಕಿನಿಂದ ಏರಲಾರದು ಎಂದು ನೌಕಾಪಡೆ 2016ರಲ್ಲೇ ಹೇಳಿತ್ತು. 2025ರ ಏಪ್ರಿಲ್‌ನಲ್ಲಿ ಫ್ರಾನ್ಸಿನಿಂದ 26 ರಫೇಲ್ ನೌಕಾ ವಿಮಾನಗಳನ್ನು ಕೊಳ್ಳುವ ಒಪ್ಪಂದವಾಯಿತು. ಡೆಕ್ಕಿನಿಂದ ಪೂರ್ತಿ ಹೊರೆಯೊಂದಿಗೆ ಏರಬಲ್ಲ, ಎರಡು ಎಂಜಿನ್ನಿನ ಸ್ವದೇಶಿ ಯುದ್ಧವಿಮಾನದ ವಿನ್ಯಾಸವನ್ನು ಬೆಂಗಳೂರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ (ಎಡಿಎ) ಕೈಗೆತ್ತಿಕೊಂಡಿದೆ.